ಅಪ್ಪನ ಪದಕ್ಕೆ ಎರಡು ಧಾಟಿ

ನಾನು ಹಾಡುವಾಗ ಬಾಯಿ ಜಾಸ್ತಿ ತೆರೆಯುತ್ತೇನೆ ಎಂಬುದು ನನ್ನ ಮೇಲಿನ ಹಳೆಯ ದೂರು. ಕಲಿಯಲು ಬರುವ ಹುಡುಗಿಯರು ನನ್ನ ಬೆನ್ನ ಹಿಂದೆ ನನ್ನ ತುಟಿಯ ನಕಲು ಮಾಡಿ ನಗುತ್ತಾರೆಂದು ನನಗೆ ಗೊತ್ತು. ತಿಳಿದವರೆನಿಸಿಕೊಂಡವರೂ ಹೇಳಿದ್ದುಂಟು, ಸ್ವರ ಚೆನ್ನಾಗಿದೆ, ಆದರೆ ಕಣ್ಣು ಮುಚ್ಚಿಕೊಂಡು ಕೇಳಬೇಕು ಎಂದು. ಒಬ್ಬರಿಗೂ ನಾನು ಉತ್ತರ ಕೊಟ್ಟಿಲ್ಲ. ಕೊಡಬೇಕೆಂದರೆ ಶಹಾಪುರದಿಂದ ಶುರು ಮಾಡಬೇಕಾಗುತ್ತದೆ, ಅಷ್ಟು ತಾಳ್ಮೆ ನನಗೆ ಯಾವತ್ತೂ ಇರಲಿಲ್ಲ. ಈಗ ವಯಸ್ಸಾಯಿತು, ಕೋಪವೂ ಅರ್ಧ ಸೋತಿದೆ. ಬರೆದುಬಿಡುತ್ತೇನೆ.

ಕೊಲ್ಹಾಪುರದ ಹತ್ತಿರದ ಇಚಲಕರಂಜಿಯ ಶಹಾಪುರದಲ್ಲಿ ನಮ್ಮ ಮನೆಗೂ ಮಗ್ಗದ ಶೆಡ್ಡಿಗೂ ಒಂದೇ ಗೋಡೆ. ಮಗ್ಗ ಎಂದರೆ ಕೈಮಗ್ಗವಲ್ಲ, ವಿದ್ಯುತ್ತಿನಿಂದ ಓಡುವ ಪಾವರ್‌ಲೂಮು. ಅವು ಓಡಲು ಶುರುವಾದರೆ ಗೂಡಿನಲ್ಲಿಟ್ಟ ಹಿತ್ತಾಳೆಯ ಲೋಟ ತಾನಾಗಿಯೇ ಅಂಚಿಗೆ ನಡೆದು ಬರುತ್ತಿತ್ತು. ಹೊರಗಿನಿಂದ ಬಂದ ನೆಂಟರು ಎರಡು ದಿನದಲ್ಲಿ ತಲೆ ಹಿಡಿದುಕೊಂಡು ಓಡುತ್ತಿದ್ದರು. ನಮಗೆ ಮಾತ್ರ ಸದ್ದು ನಿಂತರೆ ಎಚ್ಚರವಾಗುತ್ತಿತ್ತು.

ಅಪ್ಪ ಆ ಶೆಡ್ಡಿನಲ್ಲಿ ಜಾಬರ್, ಎಂದರೆ ಮಗ್ಗ ಕೆಟ್ಟರೆ ಬಿಚ್ಚಿ ಸರಿಪಡಿಸುವವನು. ಅವ್ವ ಮತ್ತು ನಾನು ಕಾಂಡಿ ಸುತ್ತುತ್ತಿದ್ದೆವು. ಲಾಳಿಯೊಳಗೆ ಕೂರುವ ನೂಲಿನ ಸಣ್ಣ ಕಡ್ಡಿಗೆ ನಮ್ಮಲ್ಲಿ ಕಾಂಡಿ ಎನ್ನುತ್ತಾರೆ. ಆ ಗದ್ದಲದಲ್ಲಿ ಬಾಯಿಂದ ಕಿವಿಗೆ ಮಾತು ಮುಟ್ಟುವುದು ಸಾಧ್ಯವೇ ಇರಲಿಲ್ಲ. ಹಾಗಾಗಿ ಅಲ್ಲಿ ಎಲ್ಲರೂ ತುಟಿ ಓದುತ್ತಿದ್ದರು. ಯಾರಿಗಾದರೂ ಏನಾದರೂ ಹೇಳಬೇಕಾದರೆ ಭುಜ ತಟ್ಟಬೇಕು, ಎದುರಿಗೆ ಹೋಗಿ ನಿಲ್ಲಬೇಕು, ಬಾಯಿ ತುಂಬ ತೆರೆದು ಒಂದೊಂದು ಅಕ್ಷರವನ್ನೂ ಬಿಡಿಸಿ ಹೇಳಬೇಕು. ಅವ್ವ ಶೆಡ್ಡಿನ ಆ ತುದಿಯಲ್ಲಿ ನಿಂತು ಈ ತುದಿಯ ಗೆಳತಿಯೊಡನೆ ಅತ್ತೆಯನ್ನು ಬಯ್ಯುತ್ತಿದ್ದಳು, ಅತ್ತೆ ನಡುವೆಯೇ ತಲೆ ತಗ್ಗಿಸಿ ಕಾಂಡಿ ಸುತ್ತುತ್ತ ಕೂತಿದ್ದರೂ ಅವಳಿಗೆ ಸುಳಿವು ಹತ್ತುತ್ತಿರಲಿಲ್ಲ. ಶೆಡ್ಡಿನ ಈ ಅಭ್ಯಾಸ ಮನೆಗೂ ಬಂದು ಬಿಡಾರ ಹೂಡಿತ್ತು. ರೊಟ್ಟಿ ಬೇಕಾದರೂ ಅವ್ವನ ಮುಖದ ಎದುರು ಹೋಗಿ ನಿಂತು ಕೇಳುತ್ತಿದ್ದೆವು. ಯಾರಾದರೂ ಮುನಿಸಿಕೊಂಡರೆ ಮುಖ ತಿರುಗಿಸಿಬಿಡುತ್ತಿದ್ದರು. ಅಷ್ಟಕ್ಕೆ ಮಾತು ಬಂದಾದಂತೆ.

ಅಪ್ಪ ಗಡಹಿಂಗ್ಲಜ ತಾಲೂಕಿನ ನೂಲ ಎಂಬ ಹಳ್ಳಿಯವನು. ಅಣ್ಣತಮ್ಮಂದಿರ ಪಾಲಾದ ಮೇಲೆ ಹೊಲ ಅಣ್ಣನ ಕಡೆ ಹೋಗಿ, ಅಪ್ಪ ಇಚಲಕರಂಜಿಗೆ ಬಂದು ಮಗ್ಗ ಕಲಿತ. ಕಲಿತರೂ ಅವನ ಮನಸ್ಸು ಹೊಲದಲ್ಲೇ ಇತ್ತು. ಊಟವಾದ ಮೇಲೆ, ನೂಲಿನ ಗಂಟಿಗೆ ಸುತ್ತಿ ಬರುತ್ತಿದ್ದ ಕಾಗದವನ್ನು ಮೊಣಕಾಲ ಮೇಲೆ ನೀವಿ, ಪೆನ್ಸಿಲು ನೆಕ್ಕಿ ನೆಕ್ಕಿ ಪದ ಬರೆಯುತ್ತಿದ್ದ. ಕವಿತೆ ಎಂಬ ದೊಡ್ಡ ಶಬ್ದ ಅವನು ಬಳಸುತ್ತಿರಲಿಲ್ಲ. ಬರೆದದ್ದನ್ನು ಯಾರಿಗೂ ಓದಿ ತೋರಿಸುತ್ತಿರಲಿಲ್ಲ, ನಾಲ್ಕು ಮಡಿಕೆ ಮಾಡಿ ದೇವರ ಗೂಡಿನ ಹಿಂದೆ ಇಡುತ್ತಿದ್ದ.

ನಾನು ಹಾಡು ಕಲಿತದ್ದು ಶೆಡ್ಡಿನ ಒಡೆಯ ಸಾವಕಾರರ ಹೆಂಡತಿಯ ದಯೆ. ಅವರು ಜೈನರು, ಮೃದು ಸ್ವಭಾವದವರು, ಕೊಲ್ಹಾಪುರದಲ್ಲಿ ಯಾವ ಹಾಡಿನ ಬೈಠಕ್ಕಿದ್ದರೂ ಬಿಡುತ್ತಿರಲಿಲ್ಲ. ಒಮ್ಮೆ ಶೆಡ್ಡಿಗೆ ಬಂದಾಗ ಕರೆಂಟು ಹೋಯಿತು, ಮಗ್ಗಗಳು ಗಪ್ಪನೆ ನಿಂತವು, ನಾನು ಕಾಂಡಿ ಸುತ್ತುತ್ತ ಗಂಟಲು ಹರಿಯುವಂತೆ ಹಾಡುತ್ತಿದ್ದದ್ದು ಬಯಲಿಗೆ ಬಿತ್ತು. ಎಲ್ಲರೂ ನಕ್ಕರು. ಅವರು ನಗಲಿಲ್ಲ. ಮುಂದಿನ ಸುಟ್ಟಿಯ, ಎಂದರೆ ವಾರದ ರಜೆಯ ದಿನ ನನ್ನನ್ನು ಎಸ್ಟಿ ಬಸ್ಸಿನಲ್ಲಿ ಕೂರಿಸಿಕೊಂಡು ಕೊಲ್ಹಾಪುರಕ್ಕೆ ಕರೆದೊಯ್ದು ಒಬ್ಬ ಮುದುಕರ ಎದುರು ನಿಲ್ಲಿಸಿದರು. ಅವರೇ ನನ್ನ ಗುರುಗಳಾದರು. ಮೂಗಿಗೆ ಏರಿಸುವ ತಪಕೀರಿನ ವಾಸನೆ, ಅಂಚು ಹರಿದ ಶಾಲು, ಮರಾಠಿ ಬಿಟ್ಟರೆ ಇನ್ನೊಂದು ಮಾತಿಲ್ಲ.

ಮೊದಲ ದಿನವೇ ಜಗಳ. 'ಸಾ ಲಾವ' ಎಂದರು, ಹಚ್ಚಿದೆ. ಪೇಟಿಯಲ್ಲಿ, ಎಂದರೆ ಹಾರ್ಮೋನಿಯಮ್ಮಿನಲ್ಲಿ, ಹುಡುಕಿದರು, ಸಿಗಲಿಲ್ಲ. ಬಿಳಿ ಪಟ್ಟಿ ಒತ್ತಿದರೆ ನನ್ನ ಸಾ ಒಂದು ಕೂದಲು ಮೇಲೆ, ಪಕ್ಕದ ಕರಿ ಪಟ್ಟಿ ಒತ್ತಿದರೆ ಕೆಳಗೆ. ಮಗ್ಗದ ಮೋಟಾರಿನ ಗುಂಯ್ ಎನ್ನುವ ನಾದವೇ ಹುಟ್ಟಿನಿಂದ ನನ್ನ ತಂಬೂರಿಯಾಗಿತ್ತು, ಅದು ಪೇಟಿಯಲ್ಲಿ ಎಲ್ಲಿ ಬರಬೇಕು! ಅದನ್ನು ಕೆಳಗಿಳಿಸಿ ಬಿಳಿ ಪಟ್ಟಿಗೆ ತರಲು ಅವರಿಗೆ ಆರು ತಿಂಗಳು ಹಿಡಿಯಿತು. ನನ್ನ ಬಾಯಿ ಸರಿಪಡಿಸಲು ಎರಡು ವರ್ಷ.

"ಅಗ, ತೋಂಡ ಕಿತೀ ವಾಕಡಂ ಕರ್ತೇಸ!" ಎಂದು ಗದರುತ್ತಿದ್ದರು, ಬಾಯಿ ಎಷ್ಟು ಸೊಟ್ಟ ಮಾಡುತ್ತೀ ಎಂದು. ಶೆಡ್ಡಿನ ನನ್ನ ಬಾಯಿಯಲ್ಲಿ ಒಂದೊಂದು ಅಕ್ಷರವೂ ಕಣ್ಣಿಗೆ ಕಾಣುವಂತೆ ಹೊರಬೀಳುತ್ತಿತ್ತು. ಗಾಯಕಿಯ ಮುಖ ಶಾಂತವಾಗಿರಬೇಕು, ತುಟಿ ಅಲುಗಿದ್ದು ತಿಳಿಯಬಾರದು, ಶಬ್ದ ಕರಗಿ ಬರೀ 'ಆ'ಕಾರವಾಗಬೇಕು ಎಂಬುದು ಅವರ ಪಾಠ. ಕನ್ನಡಿ ಕೊಟ್ಟು ಎದುರಿಗೆ ಕೂರಿಸಿದರು. ನಾನೂ ಹಟಮಾರಿ. ಮುಖ ಕಲ್ಲಾಗುವವರೆಗೆ ಬಿಡಲಿಲ್ಲ.

ಅರವತ್ತರ ದಶಕ ಶುರುವಾಗಿ ಒಂದೆರಡು ವರ್ಷ ಆಗಿರಬೇಕು. ಒಂದು ಸಂಜೆ ಅಪ್ಪ ನನ್ನ ಭುಜ ತಟ್ಟಿ, ದೇವರ ಗೂಡಿನ ಹಿಂದಿನಿಂದ ಒಂದು ಕಾಗದ ತೆಗೆದುಕೊಟ್ಟ.

"ಇದಕ್ಕೊಂದ ಧಾಟಿ ಹಚ್ಚವಾ. ನಿನ್ನ ಬಾಯಿಲೆ ಒಮ್ಮೆ ನನ್ನ ಪದಾ ಬರಬೇಕ ನೋಡು. ಮತ್ತೇನೂ ಕೇಳಂಗಿಲ್ಲ ನಾ."

ಅಪ್ಪ ನನ್ನನ್ನು ಏನನ್ನಾದರೂ ಕೇಳಿದ್ದು ಅದೇ ಮೊದಲು. ಕಾಗದದಲ್ಲಿ ಮೂರು ನುಡಿಗಳಿದ್ದವು. ಮೊದಲನೆಯದು ಹೀಗಿತ್ತು.

ಸಾಲಿಗೆ ನೀರನು ಬಿಟ್ಟಾಗೆಲ್ಲ
ಮೆಲ್ಲಗೆ ಮಣ್ಣೇ ನುಡಿಯುತಲಿತ್ತು.
ಕೇಳಿದ ನಾನೋ ಊರನೆ ಬಿಟ್ಟೆ,
ಕೇಳದ ಮಂದಿಗೆ ಹೊಲವೇ ಉಳಿಯಿತು.

ಇಷ್ಟು ವರ್ಷ ಎಣ್ಣೆ ಮೆತ್ತಿದ ಅಂಗಿಯಲ್ಲಿ ಓಡಾಡಿದ ಮನುಷ್ಯನೊಳಗೆ ಇಂಥದ್ದು ಕೂತಿತ್ತೇ ಎನಿಸಿತು.

ಪದವನ್ನು ಮರಾಠಿಯವರ ಬಾಲಬೋಧ ಲಿಪಿಯಲ್ಲಿ ಬರೆದು, ಕೆಳಗೆ ಮರಾಠಿಯಲ್ಲಿ ಅರ್ಥ ಬರೆದು, ಗುರುಗಳಿಗೆ ತೋರಿಸಿದೆ. ಅವರು ಎರಡು ಸಲ ಓದಿದರು. "ತುಜೇ ವಡೀಲ ಕವೀ ಆಹೇತ" ಎಂದರು. ನಿನ್ನ ತಂದೆ ಕವಿ. ಆ ಮಾತನ್ನು ಹೊತ್ತುಕೊಂಡು ನಾನು ಕುಣಿಯುತ್ತ ಮನೆಗೆ ಬಂದೆ. ಅಪ್ಪನ ಎದುರು ನಿಂತು ಹೇಳಿದಾಗ ಅವನು ನಾಚಿ, ಇಲ್ಲದ ಸ್ಪ್ಯಾನರು ಹುಡುಕಿಕೊಂಡು ಶೆಡ್ಡಿಗೆ ಹೋದ.

ಧಾಟಿಯನ್ನು ಗುರುಗಳೇ ಕೂಡಿಸಿದರು. ಭೂಪ ರಾಗ, ವಿಲಂಬಿತ ಏಕತಾಳ. ಎಂಥ ಘನವಾದ ರಚನೆ ಅದು! ತಾಳದ ಒಂದು ಆವರ್ತಕ್ಕೆ ಒಂದೇ ಸಾಲು. 'ಮಣ್ಣೇ' ಎನ್ನುವುದರ 'ಮ' ಒಂದು ಕಡೆ, 'ಣ್ಣೇ' ಅದೆಷ್ಟೋ ಮಾತ್ರೆ ದಾಟಿ ಇನ್ನೊಂದು ಕಡೆ, ನಡುವೆ ಗಾಂಧಾರದಿಂದ ಷಡ್ಜಕ್ಕೆ ಜಾರಿ ಇಳಿಯುವ ಒಂದು ಮೀಂಡು. ಶಬ್ದವೆಂದರೆ ಬರೀ ಖುಂಟಿ, ಹಾಡನ್ನು ಅದಕ್ಕೆ ನೇತುಹಾಕಬೇಕು ಎನ್ನುತ್ತಿದ್ದರು ಗುರುಗಳು. ನಾನು ಮೂರು ತಿಂಗಳು ನೇತುಹಾಕಿದೆ.

ಗುರುಪೂರ್ಣಿಮೆಯ ದಿನ ಅವರ ಮನೆಯಲ್ಲಿ ಶಿಷ್ಯರೆಲ್ಲ ಒಬ್ಬರಾದ ಮೇಲೊಬ್ಬರು ಹಾಡುವ ಪದ್ಧತಿ. ಆಷಾಢದ ಕೊಲ್ಹಾಪುರದ ಮಳೆ ಹೇಳಬೇಕೇ, ಹೊರಗೆ ಕೊಡೆಗಳ ರಾಶಿ, ಒಳಗೆ ಒದ್ದೆ ಧೋತರಗಳ ವಾಸನೆ. ಅಪ್ಪ ಬಿಳಿ ಟೋಪಿ ಹಾಕಿಕೊಂಡು ಬಂದು ಎಲ್ಲರಿಗಿಂತ ಮುಂದೆ ಚಕ್ಕಳಮಕ್ಕಳ ಹಾಕಿ ಕೂತ. ನನ್ನ ಸರದಿ ಸಂಜೆ ಏಳಕ್ಕೆ ಬಂತು. ತಂಬೂರಿಗೆ ಕೆನ್ನೆ ತಾಗಿಸಿ, ಕಣ್ಣು ಮುಚ್ಚಿ, ಕಲಿಸಿದಂತೆಯೇ ಹಾಡಿದೆ. ಮುಕ್ಕಾಲು ಗಂಟೆ. ಕನ್ನಡದ ಗಂಧವಿಲ್ಲದ ಮಂದಿ ವಾಹ್ ಎಂದರು. ಗುರುಗಳು ಶಾಲಿನ ತುದಿಯಿಂದ ಕಣ್ಣೊರೆಸಿಕೊಂಡರು. ನನ್ನ ಜೀವನದಲ್ಲಿ ಅಷ್ಟು ಚೆನ್ನಾಗಿ ನಾನು ಮತ್ತೆ ಹಾಡಿದ್ದು ಅಪರೂಪ.

ಎಸ್ಟಿ ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುತ್ತ ನಿಂತಿದ್ದೆವು. ಅಪ್ಪ ನನ್ನ ಭುಜ ತಟ್ಟಿದ. ಮುಖದಲ್ಲಿ ಸಣ್ಣ ನಿರಾಶೆ.

"ಚೊಲೊ ಹಾಡಿದಿ. ಮತ್ತ ನನ್ನ ಪದಾ ಯಾವಾಗ ಹಾಡ್ತಿ? ಇನ್ನs ಹಾಡ್ತಾಳ, ಈಗ ಹಾಡ್ತಾಳ ಅಂತ ಕಾಕೋತ ಕುಂತಿದ್ದೆ ನೋಡು."

ನನ್ನ ನೆತ್ತಿಗೆ ಬೆಂಕಿ ಹತ್ತಿದಂತಾಯಿತು. ಮೂರು ತಿಂಗಳ ತಪಸ್ಸು! ಗುರುಗಳ ಕಣ್ಣೀರು! ಇವನಿಗೆ ಅದು ತನ್ನ ಪದ ಎಂದೇ ಗೊತ್ತಾಗಲಿಲ್ಲವಂತೆ. ಶಾಸ್ತ್ರೀಯ ಹಾಡು ಅರ್ಥವಾಗದವರು ಹೀಗೆಯೇ ಚುಚ್ಚುವುದು, 'ಶಬ್ದ ಎಲ್ಲಿ ಹೋಯಿತಮ್ಮಾ' ಎಂದು. ಸ್ವಂತ ಅಪ್ಪನೂ ಅದೇ ಗುಂಪಿಗೆ ಸೇರಿದನಲ್ಲ ಎಂದು ನನಗೆ ಅಳು ಬಂತು, ಅಳುವುದಕ್ಕಿಂತ ಮೊದಲು ಸಿಟ್ಟು ಬಂತು.

"ಹಾಡಿದ್ದs ನಿಂದು! ಕಿವಿ ಏನ್ ಮನ್ಯಾಗಿಟ್ಟ ಬಂದಿದ್ದ್ಯೇನು?" ಎಂದು ಕಿರುಚಿ, ಮುಖ ತಿರುಗಿಸಿದೆ.

ಎಂಟು ದಿನ ತಿರುಗಿಸಿಯೇ ಇದ್ದೆ. ಅಪ್ಪ ಎದುರಿಗೆ ಬಂದರೆ ಗೋಡೆ ನೋಡುತ್ತಿದ್ದೆ. ಭುಜ ತಟ್ಟಿದರೆ ಕೊಡವಿಕೊಳ್ಳುತ್ತಿದ್ದೆ. ಅವನು ನಾಲ್ಕು ದಿನ ಪ್ರಯತ್ನಿಸಿ ಸುಮ್ಮನಾದ.

ಒಂಬತ್ತನೆಯ ದಿನ ವಾರದ ಸುಟ್ಟಿ. ಮಗ್ಗಗಳು ನಿಂತು ಇಡೀ ಕೇರಿ ಬಿಕೋ ಎನ್ನುತ್ತಿತ್ತು. ಅಪ್ಪ ಹೊಸ್ತಿಲ ಮೇಲೆ ಬೀದಿಯ ಕಡೆ ಮುಖ ಮಾಡಿ ಕೂತು, ಲಾಳಿಯೊಂದನ್ನು ಮರಳುಕಾಗದದಿಂದ ತಿಕ್ಕಿ ನುಣುಪು ಮಾಡುತ್ತಿದ್ದ. ಒಳಗೆ ಅವ್ವನ ಸೊಂಟದಿಂದ ತುಂಬಿದ ಹಿತ್ತಾಳೆಯ ಕೊಡ ಜಾರಿ ಕಲ್ಲಿನ ಮೇಲೆ ಬಿತ್ತು. ಎಂಥ ಸದ್ದು! ಪಕ್ಕದ ಮನೆಯ ಕೂಸು ಕಿಟಾರನೆ ಅತ್ತಿತು, ಬೆಕ್ಕು ಅಪ್ಪನ ತೊಡೆಯ ಮೇಲಿಂದಲೇ ಹಾರಿ ಓಡಿತು. ಅಪ್ಪ ಬೆಕ್ಕು ಹೋದ ಕಡೆ ಅಚ್ಚರಿಯಿಂದ ನೋಡಿದ, ಇದಕ್ಕೇನಾಯಿತು ಎನ್ನುವಂತೆ. ಮತ್ತೆ ಲಾಳಿ ತಿಕ್ಕತೊಡಗಿದ.

"ಅಪ್ಪಾ" ಎಂದೆ. ಎಂಟು ದಿನದ ಮೇಲೆ ಮೊದಲ ಸಲ. ಅವನ ಬೆನ್ನು ಅಲುಗಲಿಲ್ಲ. "ಅಪ್ಪಾ!" ಎಂದು ಗಂಟಲು ಬಿಚ್ಚಿ ಕೂಗಿದೆ. ಬೀದಿಯಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು. ಅಪ್ಪ ನೋಡಲಿಲ್ಲ.

ಅವ್ವ ನನ್ನ ಕೈ ಹಿಡಿದು ಒಳಗೆ ಎಳೆದಳು.

"ಎರಡ ವರ್ಷ ಆತು" ಎಂದಳು. "ಏನೂ ಕೇಳ್ಸೂದಿಲ್ಲ ಅವಗ. ಜಾಬರ್‌ಗೆ ಕಿವಿ ಹೋದ್ರ ಕೆಲಸ ಕೊಡ್ತಾರೇನು? ಮಗ್ಗ ಕೆಟ್ಟದ್ದ ಸಪ್ಪಳದ ಮ್ಯಾಲs ಹೇಳಬೇಕಲ್ಲ. ಯಾರ್ ಮುಂದೂ ಅನಬ್ಯಾಡ. ನಿನಗ ಗೊತ್ತಾತು ಅಂತ ಅವಗೂ ತೋರಸಬ್ಯಾಡ."

ಆಗ ಒಂದೊಂದೇ ನೆನಪಾಯಿತು. ಕೆಟ್ಟ ಮಗ್ಗದ ಚೌಕಟ್ಟಿನ ಮೇಲೆ ಅಪ್ಪ ಅಂಗೈ ಇಟ್ಟು, ಕಣ್ಣು ಮುಚ್ಚಿ, ಇಂಥಲ್ಲಿ ಸಡಿಲಾಗಿದೆ ಎನ್ನುತ್ತಿದ್ದ. ಅದನ್ನು ನಾವು ದೊಡ್ಡ ಕಸಬುದಾರಿಕೆ ಎಂದು ಹೊಗಳುತ್ತಿದ್ದೆವು. ಬೇರೆ ಯಾವ ಊರಿನಲ್ಲಾದರೂ ಮನೆಯ ಯಜಮಾನ ಕಿವುಡನಾದರೆ ಎಂಟು ದಿನಕ್ಕೆ ಗೊತ್ತಾಗುತ್ತಿತ್ತು. ನಮ್ಮಲ್ಲಿ ಎಲ್ಲರೂ ಭುಜ ತಟ್ಟಿ, ಎದುರಿಗೆ ನಿಂತು, ಬಾಯಿ ಬಿಡಿಸಿ ಮಾತಾಡುವವರು. ಎರಡು ವರ್ಷ ಒಂದೇ ಸೂರಿನಡಿ ಇದ್ದು, ಕಿವಿಯ ವಿದ್ಯೆಯನ್ನೇ ಕಲಿಯುತ್ತಿದ್ದ ನನಗೆ ತಿಳಿಯಲಿಲ್ಲ.

'ನಿನ್ನ ಬಾಯಿಲೆ ನನ್ನ ಪದಾ ಬರಬೇಕು' ಎಂದಿದ್ದ. ಬರುವುದನ್ನು ಅವನು ನೋಡಬೇಕಾಗಿತ್ತು. ನಾನು ಎರಡು ವರ್ಷ ಕನ್ನಡಿಯ ಎದುರು ಕೂತು ನೋಡಲು ಏನೂ ಉಳಿಯದಂತೆ ಮಾಡಿದ್ದೆ. ಮೇಲಿಂದ ಎಂಟು ದಿನ ಮುಖ ತಿರುಗಿಸಿ, ಅವನಿಗೆ ಉಳಿದಿದ್ದ ಒಂದೇ ಕಿವಿಯನ್ನೂ ಮುಚ್ಚಿದ್ದೆ. ಆ ದಿನ ನಾನು ಅತ್ತದ್ದು ಈಗಲೂ ಎದೆಯಲ್ಲಿ ಹಾಗೆಯೇ ಇದೆ.

ಮುಂದಿನ ವಾರ ಕೊಲ್ಹಾಪುರಕ್ಕೆ ಹೋಗಿ, ಆ ಪದಕ್ಕೆ ಬೇರೆ ಧಾಟಿ ಬೇಕು ಎಂದೆ. ಒಂದು ಅಕ್ಷರಕ್ಕೆ ಒಂದು ಸ್ವರ, ಮಾತಿನ ನಡಿಗೆ, ಬಾಯಿ ಪೂರ್ತಿ ತೆರೆದು. ನಾನೇ ಹಚ್ಚಿಕೊಂಡಿದ್ದ ಧಾಟಿಯನ್ನು ಹಾಡಿ ತೋರಿಸಿದೆ. ಗುರುಗಳು ಕೆಂಡವಾದರು. "ಹೇ ಗಾಣಂ ನವ್ಹೇ, ಪಾಠಾಂತರ ಆಹೇ!" ಇದು ಹಾಡಲ್ಲ, ಶಾಲೆಯ ಹುಡುಗರು ಬಾಯಿಪಾಠ ಒಪ್ಪಿಸುವುದು ಎಂದರು. ಅವ್ವನಿಗೆ ಕೊಟ್ಟ ಮಾತು ಮುರಿದು ನಾನು ಕಾರಣ ಹೇಳಿದೆ.

ಅವರು ತಪಕೀರಿನ ಡಬ್ಬಿಯನ್ನು ತೆರೆದು, ಏರಿಸದೆ, ಮತ್ತೆ ಮುಚ್ಚಿದರು.

"ಮ್ಹಣ" ಎಂದರು. "ಪಣ ಆವಾಜ ನಕೋ."

ಹಾಡು, ಆದರೆ ದನಿ ಬೇಡ. ನಾನು ಅವರ ಎದುರು ಕೂತು ದನಿಯಿಲ್ಲದೆ, ಬರಿಯ ಬಾಯಿಂದ, ಅಪ್ಪನ ಪದ ಹಾಡಿದೆ. ಅವರು ನನ್ನ ತುಟಿ ನೋಡುತ್ತ ತೊಡೆಯ ಮೇಲೆ ತಾಳ ಹಿಡಿಯಲು ಹೋದರು, ತಪ್ಪಿದರು. ಇನ್ನೊಮ್ಮೆ ಎಂದರು. ಮತ್ತೆ ತಪ್ಪಿದರು. ಮೂರನೆಯ ಸಲಕ್ಕೆ ಅವರ ಕಣ್ಣು ಹೊಳೆದವು. ಮ, ಬ, ಪ ಬಂದಾಗ ಮಾತ್ರ ಎರಡು ತುಟಿ ಕೂಡುತ್ತವೆ, ಅದು ದೂರದಿಂದಲೂ ಕಾಣುತ್ತದೆ, ತಾಳದ ಪೆಟ್ಟು ಅಲ್ಲಿ ಬೀಳಬೇಕು ಎಂದರು. ಆಮೇಲೆ ನಮ್ಮಿಬ್ಬರಿಗೂ ಹುಚ್ಚು ಹಿಡಿಯಿತು. ಕನ್ನಡದ ಒಂದೊಂದು ಶಬ್ದವನ್ನೂ ನನ್ನಿಂದ ಹೇಳಿಸಿ, ತುಟಿ ಎಲ್ಲಿ ಕೂಡುತ್ತದೆಂದು ಗುರುತು ಹಾಕಿಕೊಂಡು, ತೀನ್‌ತಾಳದಲ್ಲಿ ಪದವನ್ನು ಹೊಸದಾಗಿ ಕೂಡಿಸಿದರು. 'ಮೆಲ್ಲಗೆ'ಯ ಮ ನೇರವಾಗಿ ತಾಳದ ಮೊದಲ ಪೆಟ್ಟಾದ ಸಮದ ಮೇಲೆ, 'ಮಣ್ಣೇ'ಯ ಮ ಮುಂದಿನ ಪೆಟ್ಟಿಗೆ. ಮೂರನೆಯದು ಸಮಕ್ಕೆ ಬೀಳುವಂತೆ 'ಮೆಲ್ಲಗೆ' ಎಂಬುದನ್ನು ಮೂರು ಸಲ ಹೇಳುವುದೂ ಅವರದೇ ಹಟ. ಅಷ್ಟು ಅಲಂಕಾರವಾದರೂ ಇರಲಿ, ಇಲ್ಲದಿದ್ದರೆ ನನ್ನ ಹೆಸರು ಹೇಳಬೇಡ ಎಂದರು.

ಹೊಸ ಧಾಟಿ ಹಾಡಿದ್ದು ಗಡಹಿಂಗ್ಲಜದಲ್ಲಿ, ದೀಪಾವಳಿ ಕಳೆದ ಮೇಲೆ ಅಲ್ಲಿಯ ಕನ್ನಡ ಮಂದಿ ಶಾಲೆಯೊಂದರ ಅಂಗಳದಲ್ಲಿ ಇಟ್ಟುಕೊಂಡಿದ್ದ ಕೂಟದಲ್ಲಿ. ನೂಲದಿಂದ ದೊಡ್ಡಪ್ಪ ಮನೆಮಂದಿಯನ್ನೆಲ್ಲ ಗಾಡಿಯಲ್ಲಿ ಹೇರಿಕೊಂಡು ಬಂದಿದ್ದ. ಬಿಸಿಲು ಇಳಿಯುತ್ತಿತ್ತು. ಅಪ್ಪ ಮುಂದಿನ ಸಾಲಿನಲ್ಲಿ, ಅದೇ ಬಿಳಿ ಟೋಪಿ, ಕೈಗಳು ತೊಡೆಯ ಮೇಲೆ. ಈ ಸಲ ಅವನ ಮುಖದಲ್ಲಿ ಆಸೆ ಇರಲಿಲ್ಲ, ಮಗಳ ಮರ್ಯಾದೆಗೆ ಬಂದು ಕೂತಿದ್ದ ಅಷ್ಟೆ.

ನಾನು ತಂಬೂರಿಯನ್ನು ಪಕ್ಕದವಳಿಗೆ ಕೊಟ್ಟು, ಸಭೆಗೆ ಓರೆಯಾಗಿ, ಅಪ್ಪನಿಗೆ ನೇರವಾಗಿ ಕೂತೆ. ಹಿಂದೆ ಯಾರೋ, "ಈಕಿ ಯಾಕ ಹಂಗ ಕುಂತಾಳ್ರಿ?" ಎಂದು ಗೊಣಗಿದರು. ಕಣ್ಣು ಮುಚ್ಚಲಿಲ್ಲ. ಎರಡು ವರ್ಷದ ಕನ್ನಡಿಯ ಪಾಠವನ್ನು ಬದಿಗಿಟ್ಟು, ಶೆಡ್ಡಿನ ಬಾಯಿ ತೆರೆದೆ.

'ಸಾಲಿಗೆ ನೀರನು' ಎನ್ನುವಾಗ ಅಪ್ಪ ನನ್ನ ಮುಖ ನೋಡುತ್ತಿದ್ದ. 'ಬಿಟ್ಟಾಗೆಲ್ಲ' ಎನ್ನುವಷ್ಟರಲ್ಲಿ ಅವನ ಬೆನ್ನು ನೆಟ್ಟಗಾಯಿತು. ಎರಡನೆಯ ಸಾಲಿಗೆ ಅವನ ತುಟಿಯೂ ಅಲುಗತೊಡಗಿತು. ಮೂರನೆಯ ಆವರ್ತಕ್ಕೆ ಅವನ ತೋರುಬೆರಳು ಸರಿಯಾಗಿ ಸಮದ ಮೇಲೆ ತೊಡೆಗೆ ಬಿತ್ತು. ಮತ್ತೆ ಬಿತ್ತು. ಒಂದು ಸಲವೂ ತಪ್ಪಲಿಲ್ಲ. ಜನ ಅವನನ್ನು ದೊಡ್ಡ ರಸಿಕನೆಂದು ತಿಳಿದಿರಬೇಕು. 'ಕೇಳದ ಮಂದಿಗೆ ಹೊಲವೇ ಉಳಿಯಿತು' ಎಂಬ ಸಾಲಿಗೆ ಎಲ್ಲರಿಗಿಂತ ಜೋರಾಗಿ ತಲೆದೂಗಿದವನು ಹೊಲ ಇಟ್ಟುಕೊಂಡ ದೊಡ್ಡಪ್ಪನೇ. ನಗು ತಡೆದುಕೊಂಡದ್ದಕ್ಕೆ ನನ್ನ ಗಾಂಧಾರ ನಡುಗಿತು. ಅಪ್ಪನೂ ಅದನ್ನು ನೋಡಿದ್ದ. ಕಣ್ಣಲ್ಲಿ ನೀರು ತುಂಬಿಕೊಂಡೇ ನನ್ನತ್ತ ಹುಬ್ಬು ಹಾರಿಸಿದ.

ಹಾಡಿಕೆ ಮುಗಿದು ಜನ ಎದ್ದರು. ನಾನು ಅಂಗಳದ ಅಂಚಿನ ಬೇವಿನ ಗಿಡದ ಹತ್ತಿರ ನಿಂತಿದ್ದಾಗ ಭುಜದ ಮೇಲೆ ಕೈ ಬಿತ್ತು. ಅಪ್ಪ ಎದುರಿಗೆ ಬಂದು ನಿಂತ.

"ಮೆಲ್ಲಗ ಅನ್ನೂದು ನಾ ಒಂದs ಸಲ ಬರದೇನಿ" ಎಂದ. "ನೀ ಮೂರ ಸಲ ಅಂದಿ."

ಸಭೆಯಲ್ಲಿ ಕಿವಿಯಿದ್ದ ಅಷ್ಟು ಜನರಲ್ಲಿ ಒಬ್ಬರೂ ಅದನ್ನು ಎಣಿಸಿರಲಿಲ್ಲ.

"ತಾಳಕ್ಕ ಬೇಕಾಗಿತ್ತಪಾ" ಎಂದೆ, ಒಂದೊಂದು ಅಕ್ಷರ ಬಿಡಿಸಿ.

ನನಗೆ ಗೊತ್ತಾಗಿದೆ ಎಂಬುದು ಅವನಿಗೆ ಗೊತ್ತಾಗಿತ್ತು. ನಾವಿಬ್ಬರೂ ಆ ಮಾತು ಎತ್ತಲಿಲ್ಲ. ಅವನು ನೂಲದ ದಾರಿಯ ಕಡೆ ನೋಡಿದ.

"ಇರ್ಲಿ ಬಿಡು" ಎಂದ. "ಮಣ್ಣ ಸೈತ ಒಂದ ಸಲ ಅಂದ ಸುಮ್ಮ ಕುಂಡ್ರತಿದ್ದಿಲ್ಲ."

ಆಮೇಲೆ ಟೋಪಿ ತೆಗೆದು, ಕೊಡವಿ, ಮತ್ತೆ ಹಾಕಿಕೊಂಡು, ಇಚಲಕರಂಜಿಯ ಬಸ್ಸು ಎಷ್ಟೊತ್ತಿಗೆ ಎಂದು ಕೇಳುತ್ತ ಮುಂದೆ ನಡೆದ. ನಾನು ಓಡಿಹೋಗಿ ಅವನ ಎದುರಿಗೆ ನಿಂತು ಬಸ್ಸಿನ ಹೊತ್ತು ಹೇಳಿದೆ.